ಹಿಗ್ಗುಮಂತ್ರಕ್ಕೆ ಡೆಲ್ಮರನ ಕಟ್ಟಳೆಗಳು

ನಮ್ಮೂರಲ್ಲಿ ಯಾರ ಮನೆಯ ಅಟ್ಟದಿಂದ ಡಬ್ಬಿ ಇಳಿಸಬೇಕಾದರೂ ನನ್ನನ್ನೇ ಕರೆಯುತ್ತಾರೆ. ಚರ್ಚಿನ ಬಲ್ಬು ಕೆಟ್ಟರೂ ಈ ಸೋಲ್ವೆಗ್ ಬೇಕು, ಮರ ಹತ್ತಿದ ಬೆಕ್ಕು ಇಳಿಯದಿದ್ದರೂ ಸೋಲ್ವೆಗ್ ಬೇಕು. ಆರಡಿ ನಾಲ್ಕಂಗುಲ ಬೆಳೆದದ್ದು ನನ್ನ ತಪ್ಪೇ? ಹದಿಮೂರನೇ ವಯಸ್ಸಿನಿಂದ ವಿಸ್ಕಾನ್ಸಿನ್ನಿನ ಈ ಹಾಳೂರಿಗೆ ನಾನೇ ಏಣಿ.

ಭಾನುವಾರ ಮಧ್ಯಾಹ್ನ ಮಾತ್ರ ಹಾಗಲ್ಲ. ಪ್ರಾರ್ಥನೆ ಮುಗಿಸಿ ನಾವು ನಾಲ್ವರು ಡೆಲ್ಮರ್ ಕ್ವಾಮನ ನೆಲಮಾಳಿಗೆಯಲ್ಲಿ ಸೇರುತ್ತೇವೆ. ಮೇಜಿನ ಮೇಲೆ ನಕ್ಷೆ ಹರಡಿ, ತವರದ ಗೊಂಬೆಗಳನ್ನು ನಿಲ್ಲಿಸಿ, ದಾಳ ಉರುಳಿಸುತ್ತ ಬಾಯಿಮಾತಿನಲ್ಲೇ ರಾಕ್ಷಸರನ್ನು ಕೊಲ್ಲುವ ಆಟ. ಕಥೆ ನಡೆಸುವವನು ಡೆಲ್ಮರ್. ಅವನ ಹೆಂಡತಿ ಆರ್ಡಿಸ್ ಕತ್ತಿ ಹಿಡಿದ ವೀರೆ. ಐದಡಿ ಎರಡಂಗುಲದ ರೋಲಿ ಪ್ರಿಟ್ಜ್ಲ್ ಮಂತ್ರವಾದಿ. ಅವನ ಆ ಎತ್ತರದಲ್ಲೂ ಒಂದಂಗುಲ ಬೂಟಿನ ಅಟ್ಟೆಯದು. ನಾನು ಪಿಪ್ಪ, ಹೆಬ್ಬೆರಳುದ್ದದ ಕಳ್ಳಿ. ಪಿಪ್ಪಳ ಕೆಂಪು ಕುಲಾವಿಯನ್ನು ನಾನೇ ಹೆಣೆದು ತಲೆಗೆ ಹಾಕಿಕೊಳ್ಳುತ್ತೇನೆ.

ಮಂತ್ರದಿಂದ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಆ ಮನೆಯಲ್ಲಿ ಕಟ್ಟಳೆಗಳಿವೆ. ಎಲ್ಲವೂ ಜಗಳದಲ್ಲಿ ಹುಟ್ಟಿದವು. ಹಿಗ್ಗಿದವರ ಹಸಿವೂ ಹಿಗ್ಗುತ್ತದೆ. ಮಂತ್ರದ ನೀರು ಕುಡಿದು ಹಿಗ್ಗಿದ ಆರ್ಡಿಸ್ ಇದೇ ನೆಪದಲ್ಲಿ ಒಮ್ಮೆ ಎಲ್ಲರ ಪಾಲಿನ ಚೀಸನ್ನೂ ನುಂಗಿ ಹಾಕಿದಳು. ಬಟ್ಟೆ ಮೈಯ ಜೊತೆಗೇ ಹಿಗ್ಗಬೇಕು. ಪಾದ್ರಿಗಳು ಕಾಫಿಗೆಂದು ಕೆಳಗಿಳಿದು ಬಂದ ದಿನ ಆರ್ಡಿಸ್ ಗಾಬರಿಯಿಂದ ಮಾಡಿದ ಕಟ್ಟಳೆ ಅದು. ಮೇಜಿನ ಮೇಲೆ ಏನು ನಡೆದರೂ ಕಥೆಯಲ್ಲೂ ನಡೆದ ಹಾಗೆ. ಹೀಗೆ ಒಂದು ಲೋಟ ಕಾಫಿ ಚೆಲ್ಲಿ ಇಡೀ ರಾಜ್ಯ ಮುಳುಗಿತು. ಇನ್ನು ವೇಷದ ಅಳತೆಗೆ ತಕ್ಕಂತೆ ಆಟಗಾರರೂ ಇರಬೇಕು. ಹಿಗ್ಗಿದವರು ನೆಟ್ಟಗೆ ನಿಲ್ಲಬೇಕು, ಪುಟ್ಟವರು ಹಾಲು ಕರೆಯುವ ಸ್ಟೂಲಿನ ಮೇಲೆ ಕೂರಬೇಕು.

ಆ ಸ್ಟೂಲು ನನ್ನದು. ಅದರ ಮೇಲೆ ಮುದುಡಿ ಕೂತರೆ ಮೇಜು ಗಲ್ಲಕ್ಕೆ ಬರುತ್ತದೆ. ಎಲ್ಲರೂ ಬಗ್ಗಿ ಮಾತಾಡಿಸುತ್ತಾರೆ.

"ಏನೇ ಪಿಪ್ಪ, ಒಂದು ತುಂಡು ಮೀನು ಕೊಡ್ಲೇನೇ ಪುಟ್ಟಿ?"

ಆಹಾ, ಆ ಸುಖ ನಿಮಗೇನು ಗೊತ್ತು! ವಾರದಲ್ಲಿ ಅಷ್ಟು ಹೊತ್ತು ಮಾತ್ರ ನಾನು ಪುಟ್ಟವಳು. ಅದನ್ನು ಮುಟ್ಟಲು ಬಂದವರನ್ನು ಸುಮ್ಮನೆ ಬಿಡುವವಳಲ್ಲ.

ಮೊನ್ನೆ ಹಿಮ ಸುರಿಯುತ್ತಿದ್ದ ಭಾನುವಾರ ನಮ್ಮೆದುರು ಗುಹೆಯ ದೈತ್ಯ ನಿಂತಿದ್ದ. ಆರ್ಡಿಸಳ ವೀರೆ ಆಗಲೇ ಮಕಾಡೆ ಮಲಗಿದ್ದಳು. ಇನ್ನೊಂದು ಏಟು ಬಿದ್ದರೆ ವರ್ಷಗಟ್ಟಲೆ ಆಡಿದ ಕಥೆಯೇ ಮುಗಿಯುತ್ತಿತ್ತು.

ರೋಲಿ ಕುರ್ಚಿಯಿಂದ ಎಗರಿದ. "ಹಿಗ್ಗುಮಂತ್ರ! ಪಿಪ್ಪಳ ಮೇಲೆ!"

"ಏಯ್, ನನ್ ಮೇಲ್ಯಾಕೋ? ನಿನ್ ಮೇಲೇ ಹಾಕ್ಕೊಳ್ಳೋ!"

"ದೈತ್ಯನ ಕಾಲ್ಬುಡದಲ್ಲಿರೋಳು ನೀನೇ ಕಣೆ! ಇಲ್ದಿದ್ರೆ ಎಲ್ರೂ ಸಾಯ್ತೀವಿ."

"ಸಾಯ್ರಿ. ನಾನಂತೂ ಏಳಲ್ಲ."

ಡೆಲ್ಮರ್ ಗಂಟಲು ಸರಿಮಾಡಿಕೊಂಡ. ಒಪ್ಪದವರು ಇಪ್ಪತ್ತು ಮುಖದ ದಾಳ ಹಾಕಬೇಕು, ಹತ್ತೋ ಅದಕ್ಕಿಂತ ಹೆಚ್ಚೋ ಬಿದ್ದರೆ ಮಂತ್ರ ತಗಲುವುದಿಲ್ಲ ಎಂದ. ಹಾಕಿದೆ. ಮೂರು ಬಿತ್ತು, ದರಿದ್ರದ್ದು.

"ಎದ್ದೇಳು, ಸೋಲ್ವೆಗ್," ಎಂದ ಡೆಲ್ಮರ್.

ಪಿಪ್ಪ ಅನ್ನಲಿಲ್ಲ, ಸೋಲ್ವೆಗ್ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲಿ ತಗ್ಗು ಸೂರಿನ ನೆನಪೂ ಇಲ್ಲದೆ ದಡಕ್ಕನೆ ಎದ್ದೆ. ಮನೆ ಬೆಚ್ಚಗಿಡಲು ಸೂರಿನಡಿ ಹಾಯಿಸಿದ್ದ ಬಿಸಿಗಾಳಿಯ ತಗಡಿನ ಕೊಳವೆಗೆ ತಲೆ ಬಡಿಯಿತು, ಕುಲಾವಿ ಹಾರಿಹೋಯಿತು, ಮಾರುದ್ದದ ಕೊಳವೆ ಕಳಚಿ ಧಡಾರನೆ ಮೇಜಿನ ಮೇಲೆ ಬಿತ್ತು. ದೈತ್ಯನ ಗೊಂಬೆಯ ತಲೆ ಮುರಿದು ಆಲೂಗಡ್ಡೆ ಪಲ್ಯದಲ್ಲಿ ಹೂತುಕೊಂಡಿತು.

ಡೆಲ್ಮರ್ ಕನ್ನಡಕದ ಧೂಳು ಒರೆಸಿ, ಪಲ್ಯದ ಬಟ್ಟಲನ್ನು ಬಹಳ ಹೊತ್ತು ಪರಿಶೀಲಿಸಿದ. "ಮೇಜಿನ ಮೇಲೆ ನಡೆದದ್ದು ನಡೆದ ಹಾಗೆ. ದೈತ್ಯ ಸತ್ತ."

"ದೈತ್ಯ ಹಾಳಾಗ್ಲಿ! ನನ್ ಕೊಳವೆ ಕಟ್ಟೋರ್ಯಾರು?" ಎಂದಳು ಆರ್ಡಿಸ್.

"ಸೋಲ್ವೆಗ್ ಇದ್ದಾಳಲ್ಲ," ಎಂದ ಡೆಲ್ಮರ್.

ಅಷ್ಟೇ, ನನಗೆ ಅಳು ಒತ್ತರಿಸಿ ಬಂತು. "ವಾರವೆಲ್ಲಾ ಇದೇ ಆಯ್ತು! ಇಲ್ಲೊಂದು ಕಡೆ ಚಿಕ್ಕೋಳಾಗಿದ್ದೆ, ಅದನ್ನೂ ಕಿತ್ಕೊಂಡ್ಯಲ್ಲೋ ರೋಲಿ! ಒಂದ್ ಮಾತು ಕೇಳಬಾರ್ದಿತ್ತಾ?"

ರೋಲಿಯ ಮುಖ ಸಣ್ಣಗಾಯಿತು. "ಕಿತ್ಕೊಳ್ಳೋದಾ? ಅದು ಒಂದೇ ಸಲ ಹಾಕೋ ಮಂತ್ರ ಕಣೆ. ಒಂದಿನ ನಾನೇ ಹಿಗ್ಗಿ, ಇಲ್ಲಿ ನೆಟ್ಟಗೆ ನಿಂತ್ಕೋಬೇಕು ಅಂತ ಮೂರು ಚಳಿಗಾಲದಿಂದ ಕಾದಿಟ್ಟಿದ್ದೆ. ನನ್ ಹತ್ರ ಇದ್ದ ಒಳ್ಳೇದು ಅದೊಂದೇ. ನಿನಗೆ ಕೊಟ್ಟೆ."

ಇಂಥವನಿಗೆ ಏನಂತ ಬೈಯುವುದು? ನನ್ನ ಸಿಟ್ಟು ಅಲ್ಲೇ ಸೋರಿಹೋಯಿತು. ನನ್ನ ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದೆ.

"ಹತ್ತು. ಕೊಳವೆ ನೀನೇ ಕಟ್ಟು."

"ಮಂತ್ರ ಖರ್ಚಾಯ್ತಲ್ಲ, ಇವನು ಯಾವ ಕಟ್ಟಳೆ ಪ್ರಕಾರ ಹಿಗ್ತಾನೆ?" ಎಂದು ಡೆಲ್ಮರ್ ಶುರುಮಾಡಿದ.

"ಬಾಯ್ ಮುಚ್ಕೊಂಡು ಬರ್ಕೊಳ್ರೀ," ಎಂದಳು ಆರ್ಡಿಸ್. "ಕೇಳದೆ ಯಾರನ್ನೂ ಹಿಗ್ಗಿಸಬಾರ್ದು, ಕುಗ್ಗಿಸಬಾರ್ದು. ಇವತ್ತಿಂದ ಇದೇ ಕಟ್ಟಳೆ."

ರೋಲಿ ಸ್ಟೂಲು ಹತ್ತಿ ನಿಂತ. ನಾನು ಕೆಳಗೆ ನೆಲದ ಮೇಲೆ ಕೂತು ಸ್ಕ್ರೂ ಎತ್ತಿ ಕೊಡುತ್ತಿದ್ದೆ. ಅವನು ಕೊಳವೆಯನ್ನು ತಬ್ಬಿಕೊಂಡು, ನೆಲಮಾಳಿಗೆಯನ್ನೆಲ್ಲ ಮಹಾರಾಜನ ಗತ್ತಿನಲ್ಲಿ ನೋಡಿದ. ಆಮೇಲೆ ನನ್ನತ್ತ ಬಗ್ಗಿದ.

"ಅಯ್ಯೋ ಸೋಲ್ವೆಗ್, ನಿನ್ ನಡುನೆತ್ತೀಲಿ ಕೂದ್ಲೇ ಇಲ್ವಲ್ಲೇ! ಬಿಲ್ಲೆಯಗಲ ಬೋಳಾಗಿದೆ."

ಐವತ್ತೆರಡು ವರ್ಷ ಬದುಕಿದ್ದೇನೆ, ನನ್ನ ನೆತ್ತಿಯ ಸುದ್ದಿಯನ್ನು ಒಬ್ಬರೂ ಹೇಳಿರಲಿಲ್ಲ. ಯಾರಿಗೆ ಕಾಣುತ್ತಿತ್ತು, ಹೇಳಲು? ಹೊಟ್ಟೆ ತುಂಬ ಖುಷಿಯಾಯಿತು.

"ಎಲ್ಲೋ? ಸರಿಯಾಗಿ ನೋಡಿ ಹೇಳೋ," ಎಂದು ಇನ್ನಷ್ಟು ತಲೆ ಬಗ್ಗಿಸಿ ಕೂತೆ.