ಮಲಗಿ ನೋಡುವುದು

"ಬಾಗಿಲು ಹಾಕ್ಕೊಂಡು ಹೋಗೋ," ಎಂದರು ಯಜಮಾನರು, ಮಂಚದ ಮೇಲೆ ಅಂಗಾತ ಮಲಗಿಕೊಂಡೇ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಫಿಟ್ಟರಿಗೆ. ಪರದೇಶದ ಐಸ್ ಕಾರ್ಖಾನೆ, ಬಂದಿಳಿದು ಇನ್ನೂ ಮುಖ ತೊಳೆದಿಲ್ಲ. ಅಲ್ಲಿನ ಮ್ಯಾನೇಜರು ಬೀಗದ ಕೈಗೊಂಚಲು ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಅವನ ಕಣ್ಣೆದುರೇ ಈ ದೊಡ್ಡ ಮನುಷ್ಯ ಬೂಟು ಬಿಚ್ಚಿ, ಹೊಟ್ಟೆಯ ಮೇಲೆ ಕೈ ಜೋಡಿಸಿ, ಫಿಟ್ಟರಿಗೆಂದು ಕೊಟ್ಟ ಹಾಸಿಗೆಯಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದರು.

ಇದೇನು ಹೊಸದಲ್ಲ. ಯಂತ್ರ ಕೂರಿಸಲು ತನ್ನ ಆಳುಗಳನ್ನು ಯಾವ ದೇಶಕ್ಕೆ ಕಳಿಸಿದರೂ ಈ ಪುಣ್ಯಾತ್ಮ ಜೊತೆಗೆ ಹೋಗಿ, ಅವರು ಮಲಗುವ ಜಾಗದಲ್ಲಿ ತಾನೊಂದು ನಿದ್ದೆ ತೆಗೆಯದೆ ಹಿಂದಿರುಗಿದ್ದಿಲ್ಲ. ವರ್ಕ್‌ಶಾಪಿನಲ್ಲಿ ಬೆನ್ನ ಹಿಂದೆ ಎಲ್ಲರೂ ಕರೆಯುವುದು 'ತಿಗಣೆ ಸಾಹೇಬ್ರು' ಅಂತಲೇ. ಆ ಹೆಸರಿಟ್ಟವನು ಈ ಫಿಟ್ಟರೇ.

ಆದರೆ ಇವತ್ತು ಅವನಿಗೆ ನಗು ಬರಲಿಲ್ಲ. ಮೊಣಕಾಲು ಮುರಿದುಕೊಂಡು ಮನೆಯ ಮೂಲೆ ಹಿಡಿದಿದ್ದವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. "ರೂಮು ಸರಿಯಿಲ್ಲ" ಎಂದು ಮುದುಕರು ಒಂದು ಮಾತು ಅಂದರೆ ಮುಗಿಯಿತು, ಬಂದ ದಾರಿಗೆ ಸುಂಕವಿಲ್ಲ. ಮ್ಯಾನೇಜರು ತನ್ನ ಭಾಷೆಯಲ್ಲಿ ಏನೋ ಗೊಣಗಿ, ನಕ್ಕು, ಕೆಳಗಿಳಿದು ಹೋದ.

ಫಿಟ್ಟರು ಬಾಗಿಲೆಳೆದುಕೊಂಡು ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂತ. ಅಷ್ಟರಲ್ಲಿ ಕರೆಂಟು ಹೋಯಿತು. ರೂಮಿನ ಕೆಳಗೇ ಇದ್ದ ಜನರೇಟರು ಕೆಮ್ಮಿ ಕೆಮ್ಮಿ ಶುರುವಾಗಿ ಇಡೀ ಗೋಡೆ ನಡುಗತೊಡಗಿತು. ಅವನು ಹೆಂಡತಿಗೆ ಫೋನು ಮಾಡಿದ.

"ಏನ್ರೀ, ರೂಮು ಹೇಗಿದೆ?"

"ನನಗೇನು ಗೊತ್ತು? ಸಾಹೇಬ್ರು ಒಳಗೆ ಗೊರಕೆ ಹೊಡೀತಿದಾರೆ, ನಾನು ಹೊರಗೆ ಕಾವಲು."

"ಏಳ್ಸಿ ಕೇಳ್ರೀ, ತಿಗಣೆ ಎಷ್ಟಿದೆ ಅಂತ!" ಎಂದು ಅವಳು ನಕ್ಕಳು. ಅವನೂ ನಕ್ಕ. ಊರಿನ ಸುದ್ದಿ, ಮಗಳ ಪರೀಕ್ಷೆ ಅಂತ ಮಾತು ಉದ್ದವಾಯಿತು. ಫೋನಿಟ್ಟ ಮೇಲೆ ನೋಡಿದರೆ, ಜನರೇಟರಿನ ಗದ್ದಲದಲ್ಲೂ ಕೇಳುತ್ತಿದ್ದ ಗೊರಕೆ ನಿಂತುಹೋಗಿತ್ತು.

"ಯಜಮಾನ್ರೇ?"

ಬಾಗಿಲು ತಟ್ಟಿದ, ತೆಗೆದ. ಒಳಗೆ ಸುಟ್ಟ ಡೀಸೆಲ್ಲಿನ ವಾಸನೆ, ಅದೂ ಇದೆಯೋ ಇಲ್ಲವೋ ಎನ್ನುವಷ್ಟು. ಕಿಟಕಿ ತೆರೆಯದಂತೆ ಮೊಳೆ ಹೊಡೆದಿತ್ತು. ಯಜಮಾನರು ಕೈ ಜೋಡಿಸಿದ್ದು ಜೋಡಿಸಿದ ಹಾಗೇ ಇದ್ದರು. ಅಲುಗಾಡಿಸಿದರೆ ತಲೆ ಒಂದು ಕಡೆಗೆ ವಾಲಿತು.

"ಅಯ್ಯೋ ದೇವರೇ! ಯಾರಾದ್ರೂ ಬನ್ರೋ!"

ಅಷ್ಟು ಭಾರದ ಮನುಷ್ಯರನ್ನು ಮುರಿದ ಮೊಣಕಾಲಲ್ಲಿ ಹೇಗೆ ಹೊರಗೆಳೆದನೋ ಅವನಿಗೇ ಗೊತ್ತಿಲ್ಲ. ಕೂಗು ಯಾವ ಭಾಷೆಯದಾದರೇನು, ಮ್ಯಾನೇಜರು ಓಡಿ ಬಂದ.

ಜನರೇಟರಿನ ಹೊಗೆ ಕೊಳವೆ ಒಡೆದು, ವಿಷಗಾಳಿ ನೆಲದ ಸಂದಿನಿಂದ ಮೇಲಕ್ಕೆ ಬರುತ್ತಿತ್ತಂತೆ. ಒಂದು ಮಧ್ಯಾಹ್ನದ ನಿದ್ದೆಯಾದ್ದರಿಂದ ಬಚಾವಾದರು, ರಾತ್ರಿಯಿಡೀ ಮಲಗಿದ್ದರೆ ಬೆಳಗ್ಗೆ ಏಳುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು, ಹರಕು ಇಂಗ್ಲಿಷಿನಲ್ಲಿ. ರಾತ್ರಿಯಿಡೀ ಅಲ್ಲಿ ಮಲಗಬೇಕಾಗಿದ್ದವನು ಫಿಟ್ಟರೇ.

ಎಚ್ಚರವಾದ ಕೂಡಲೇ ಯಜಮಾನರು ಆಮ್ಲಜನಕದ ಮುಖವಾಡ ಸರಿಸಿದರು. "ಹಾಸಿಗೆ ಚೆನ್ನಾಗೇ ಇತ್ತು ಕಣೋ. ರೂಮು ಬೇಡ."

"ನಿಮಗೆ ತಮಾಷೆ!" ಫಿಟ್ಟರಿಗೆ ಅಳು ಉಕ್ಕಿ ಬಂತು. "ಬಾಗಿಲು ತೆಗೆದಿಟ್ಟಾದ್ರೂ ಮಲಗಬಾರದಿತ್ತಾ?"

"ನೀನು ಬಾಗಿಲು ತೆಗೆದಿಟ್ಟು ಮಲಗ್ತಿದ್ಯೇನೋ?"

ಇಷ್ಟು ವರ್ಷ ಅವನು ಇದನ್ನು ಹುಚ್ಚು ಎಂದುಕೊಂಡಿದ್ದ. ಎಷ್ಟು ಊರು, ಎಷ್ಟು ಹಾಸಿಗೆ, ಎಷ್ಟು ಜನರ ಬದಲಿಗೆ ಈ ಜೀವ ಹೀಗೆ ಕಣ್ಣು ಮುಚ್ಚಿ ಮಲಗಿ ಎದ್ದು ಬಂದಿದೆಯೋ! ಎದುರಿಗೆ ಇದ್ದದ್ದು ಅದೇ ಬೋಳು ತಲೆ, ಅದೇ ಹೊಟ್ಟೆ. ಆದರೂ ನೆಟ್ಟಗೆ ನೋಡಲು ಅವನಿಗೆ ಭಯವಾಯಿತು, ಭಕ್ತಿಯಂಥ ಭಯ.

ಆಸ್ಪತ್ರೆಯಿಂದ ಬಿಟ್ಟ ದಿನ ಮ್ಯಾನೇಜರು ತಾನೇ ಬಂದು ಬೇರೆ ರೂಮು ತೋರಿಸಿದ. ಜನರೇಟರಿನಿಂದ ದೂರ, ಎರಡು ಕಿಟಕಿ. ಈ ಸಲ ಅವನು ನಗಲಿಲ್ಲ, ಬಾಗಿಲಾಚೆಗೆ ಸರಿದು ಕೈ ಕಟ್ಟಿ ನಿಂತ.

"ಯಜಮಾನ್ರೇ, ನಿಮ್ಮ ದಮ್ಮಯ್ಯ, ನಾನೇ ಮಲಗಿ ನೋಡ್ತೀನಿ."

"ಕಳಿಸೋನು ನಾನು. ಸರಿಯೋ ಆ ಕಡೆ."

ಮಂಚದ ಅಂಚಿಗೆ ಕೂತು ಅವರು ಬೂಟಿಗೆ ಕೈ ಹಾಕಿದರು. ಲೇಸಿನ ಗಂಟು ಬೆರಳಿಗೆ ಸಿಗಲಿಲ್ಲ. ಫಿಟ್ಟರು ನೋಯುವ ಮೊಣಕಾಲೂರಿ ಕೂತು ತಾನೇ ಲೇಸು ಬಿಚ್ಚಿದ, ಎರಡೂ ಬೂಟುಗಳನ್ನು ಜೋಡಿಸಿ ಗೋಡೆಗಿಟ್ಟ.

"ಬಾಗಿಲು ಹಾಕ್ಕೊಂಡು ಹೋಗು."

ಹಾಕಿದ. ಆದರೆ ಮೆಟ್ಟಿಲಿಗೆ ಹೋಗಲಿಲ್ಲ, ಬಾಗಿಲಿಗೆ ಕಿವಿಗೊಟ್ಟು ನಿಂತ.

"ಯಜಮಾನ್ರೇ?"

"ಹೂಂ."

ಸ್ವಲ್ಪ ಹೊತ್ತು ಬಿಟ್ಟ.

"ಯಜಮಾನ್ರೇ?"

"ಇದೀನಿ ಕಣೋ. ಮಲಗೋಕೆ ಬಿಡು."

ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, ಫಿಟ್ಟರು ಮತ್ತೆ ಕರೆದ.