ಎರ್ರಿಯ ಗಾಡಿಯ ಹಿಂದಿನ ಬ್ರೇಕು

ಎರ್ರಿಯ ಗಾಡಿಗೆ ಹಿಂದಿನ ಬ್ರೇಕು ಇರಲಿಲ್ಲ. ಹೆಸರಿಗೆ ಇತ್ತು, ಹಿಡಿಯುತ್ತಿರಲಿಲ್ಲ. ಅವನು ಹುಟ್ಟುವ ಮೊದಲೇ ಅಪ್ಪ ಕೊಂಡಿದ್ದ, ಜೀಪಿನ ಮೂತಿಯ ಆ ಹಳೆ ಪಿಕಪ್ ಮುಂದಿನ ಎರಡು ಚಕ್ರಗಳ ಪುಣ್ಯದಿಂದ ನಿಲ್ಲುತ್ತಿತ್ತು. ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಾಗಾಗಿ ಏರಿನಲ್ಲಿ ನಿಲ್ಲಿಸಿದರೆ ಸೋದರಮಾವ ಪಾಲಯ್ಯ ಕಲ್ಲು ಹಿಡಿದು ಕೆಳಗೆ ಜಿಗಿಯಬೇಕಿತ್ತು.

ಕುರುಗೋಡಿನಲ್ಲಿ ಮೆಣಸಿನಕಾಯಿ ಗೋದಾಮು ಇಟ್ಟಿದ್ದ ಶೇಖರ್ ಅದನ್ನು ಒಮ್ಮೆ ನೋಡಿದ.

"ನಮ್ಮ ಗೇಟಿನ ಮುಂದ ಏರು ಐತಿ. ಲೋಡ್ ಗಾಡಿ ಅಲ್ಲಿ ತಾನೇ ನಿಲ್ಲಬೇಕು. ಗೇರಿಗೆ ಹಾಕಂಗಿಲ್ಲ, ಕಲ್ಲು ಇಡಂಗಿಲ್ಲ. ಹಮಾಲರ ಕಾಲು ಮುರುದ್ರ ನಿನ್ ಕಾಲು ಕೊಡ್ತಿಯೇನು? ನಿಂತ್ರ ವರ್ಷದ ಬಾಡಿಗಿ ನಿಂದು."

ಹೊಸ ಆಕ್ಸಲ್ ಹಾಕಿಸುವ ತಾಕತ್ತು ಎರ್ರಿಗೆ ಇರಲಿಲ್ಲ. ಸಿರುಗುಪ್ಪದ ಮೆಕ್ಯಾನಿಕ್ ಮಹಮ್ಮದ್ ಗೌಸ್ ದಾರಿ ತೋರಿಸಿದ.

"ಬಳ್ಳಾರಿ ಗುಜರಿಗೆ ಹೋಗು. ದೊಡ್ಡ ಜೀಪಿನ ಬ್ರೇಕ್ ಡ್ರಮ್ಮು, ಅದರೊಳಗಿನ ಶೂ ಬಿಚ್ಚಿಸ್ಕೊಂಡು ಬಾ, ಬೋಲ್ಟು ಕೂಡ್ತಾವು. ಡ್ರಮ್ಮು ಹಳೇದು ನಡೀತೈತಿ. ಶೂ ಮ್ಯಾಲಿನ ಲೈನಿಂಗ್ ಮಾತ್ರ ಹೊಸಾದು, ಚಕ್ರ ಹಿಡಿಯೋದು ಅದೇ. ಅದರಾಗ ಜುಗ್ಗತನ ಮಾಡಿದ್ರ ನನ್ ಶೆಡ್ಡಿಗೆ ಬರಬ್ಯಾಡ ನೋಡು."

ಮೂರು ದಿನ ಎರ್ರಿ ಗುಜರಿಯ ತುಕ್ಕಿನಲ್ಲಿ ಕೈಯಾಡಿಸಿದ. ಗೌಸ್ ನಾಲ್ಕೂ ಶೂಗಳಿಗೆ ಹೊಸ ಲೈನಿಂಗ್ ಬಡಿದುಕೊಟ್ಟ. ಜೋಡಿಸುವ ಕೂಲಿ ಉಳಿಸಲು ಹಚ್ಚೊಳ್ಳಿಯ ಮನೆ ಅಂಗಳದಲ್ಲೇ ಎರ್ರಿ ಕೂತ. ಶೂಗಳು ಕೂತವು, ಒಂದು ಸ್ಪ್ರಿಂಗ್ ಮುರಿಯಿತು. ಹೊಸದು ತರಲು ಡ್ರಮ್ಮು ಮುಚ್ಚದೆ ಸಿರುಗುಪ್ಪಕ್ಕೆ ಹೋಗಿ ಬಂದ.

ಅವತ್ತು ಅಮಾವಾಸ್ಯೆ. ಬರುವಷ್ಟರಲ್ಲಿ ಡ್ರಮ್ಮುಗಳ ಮೇಲೆ ಅರಿಶಿನ ಕುಂಕುಮ.

"ಪೂಜಿ ಮಾಡೀನಿ. ಇನ್ನ ಮುಚ್ಚು," ಎಂದ ಪಾಲಯ್ಯ.

ಕತ್ತಲಾಗುತ್ತಿತ್ತು. ಎರ್ರಿ ಅವಸರದಲ್ಲಿ ಹೊಸ ಸ್ಪ್ರಿಂಗ್ ಸಿಕ್ಕಿಸಿ ಡ್ರಮ್ಮು ಮುಚ್ಚಿದ. ಊರಲ್ಲಿ ಓಡಿಸಿ ನೋಡಿದ, ಗಾಡಿ ನಿಂತಿತು. ನಿಲ್ಲದೆ ಏನು? ಮುಂದಿನ ಬ್ರೇಕು ಇತ್ತು, ಹಚ್ಚೊಳ್ಳಿಯ ನೆಲ ಅಂಗೈಯಷ್ಟು ಸಪಾಟು.

ಮರುದಿನ ಮೆಣಸಿನಕಾಯಿ ಚೀಲ ಹೇರಿಕೊಂಡು ಕುರುಗೋಡಿಗೆ ಹೋದರು. ಏರಿನಲ್ಲಿ ಎರ್ರಿ ಬ್ರೇಕು ತುಳಿದು ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಗೇರು ಬಿಡಿಸಿ ಇಳಿದ. ಶೇಖರ್ ಕೈಕಟ್ಟಿ ನೋಡುತ್ತಿದ್ದ. ಇಬ್ಬರು ಹಮಾಲರು ಗಾಡಿಯ ಹಿಂದಿನ ಹಲಗೆ ಬಿಚ್ಚಲು ಹೋದರು. ಗಾಡಿ ಒಂದು ಉಸಿರು ನಿಂತಿತು, ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ಜಾರಿತು.

"ಸರೀರಲೇ!" ಅಂತ ಕೂಗಿ ಪಾಲಯ್ಯ ಕಲ್ಲು ತುರುಕಿದ. ಕಲ್ಲಿನ ಜೊತೆ ಕೈಯೂ ಚಕ್ರದಡಿಗೆ ಹೋಯಿತು. ಹಮಾಲರು ಉಳಿದರು.

ಮಾವನನ್ನು ಆಸ್ಪತ್ರೆಗೆ ಸೇರಿಸಿ ಬಂದು ಎರ್ರಿ ಡ್ರಮ್ಮು ಬಿಚ್ಚಿದ. ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಾಲ್ಕೂ ಲೈನಿಂಗ್ ಎಣ್ಣೆ ಕುಡಿದು ಕರ್ರಗೆ ಮಿನುಗುತ್ತಿದ್ದವು. ಫೋನಿನಲ್ಲಿ ಗೌಸ್, "ತೊಳದ್ರ ಹೋಗಂಗಿಲ್ಲ. ಬಿಸಾಕು," ಎಂದ.

ಎರ್ರಿ ನೇರ ಆಸ್ಪತ್ರೆಗೆ ನುಗ್ಗಿದ. "ಮಾವ, ಎಣ್ಣಿ ಯಾತಕ್ಕ ಹಚ್ಚಿದಿ?"

"ಎಲ್ಲಾದಕ್ಕೂ ಹಚ್ಚೀನಿ," ಎಂದ ಪಾಲಯ್ಯ, ಬ್ಯಾಂಡೇಜಿನ ಕೈ ಎದೆಯ ಮೇಲಿಟ್ಟುಕೊಂಡು. "ಕುಡಗೋಲಿಗೆ ಹಚ್ತೀವಿ, ಹೊಲ ಹರಗೋ ಕುಂಟಿಗೆ ಹಚ್ತೀವಿ. ಹೊಸ ಸಾಮಾನು ಒಣಾ ಬಿಡ್ತಾರೇನ್ಲೇ? ತುಕ್ಕು ಹಿಡೀತೈತಿ."

"ಅದು ತಿಕ್ಕಬೇಕು! ತಿಕ್ಕಿದ್ರೇ ಗಾಡಿ ನಿಲ್ಲೋದು! ಬ್ರೇಕಿಗೆ ಎಣ್ಣಿ ಹಚ್ಚಿದೋನು ಈ ಸೀಮ್ಯಾಗ ನೀನೊಬ್ಬನೇ!"

"ಹಂಗಾರ ಮದ್ಲೇ ಹೇಳಬೇಕಿತ್ತು."

ಅವ್ವ ಮೂಕಮ್ಮ ನಡುವೆ ಬಂದಳು. "ಬಿಡೋ ಅಪ್ಪಾ, ಜೀವ ಉಳೀತಲ್ಲ. ಅಮಾಸಿ ಪೂಜಿನೇ ಕಾಯ್ತು."

"ಪೂಜಿನೇ ಬೆರಳು ತಿಂತು!"

ನರ್ಸ್ ಓಡಿ ಬಂದು ಅವನನ್ನು ಹೊರಗೆ ದಬ್ಬಿದಳು. ವರಾಂಡದಲ್ಲಿ ಎರ್ರಿ ಗೋಡೆಗೆ ಗುದ್ದಿದ. ಮಾವನ ಮೇಲಿನ ಸಿಟ್ಟು ದೊಡ್ಡದೇ. ಆದರೆ ಮೊದಲೇ ಹೇಳಬೇಕಿತ್ತು ಅಂದದ್ದು ಸುಳ್ಳಲ್ಲ, ಅದಕ್ಕೇ ಇನ್ನೊಂದು ಸಲ ಗುದ್ದಿದ. ಅಷ್ಟರಲ್ಲಿ ಶೇಖರನ ಫೋನು ಬಂತು. ಬಾಡಿಗೆ ಸಿರಿಗೇರಿಯ ಇನ್ನೊಂದು ಗಾಡಿಗೆ ಕೊಟ್ಟಾಗಿತ್ತು.

ಹೋದದ್ದು ಇಷ್ಟು: ನಾಲ್ಕು ಲೈನಿಂಗ್, ಒಂದು ವರ್ಷದ ಬಾಡಿಗೆ, ಪಾಲಯ್ಯನ ಬಲಗೈಯ ಎರಡು ಬೆರಳು.