ಹೆಸರು ತೆಗೆದು ಕಳಿಸಿ

ಪಂಪಾವತಿ ಯಶವಂತನಗರದ ಗಣಿ ಕಂಪನಿಯೊಂದರ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕಿದ್ದಳು. ಬಳ್ಳಾರಿಯಲ್ಲಿ ಎರಡು ವರ್ಷ ಅದನ್ನೇ ಕಲಿತಿದ್ದಳು. ಅಪ್ಪ ತೀರಿಕೊಂಡ ಮೇಲೆ ತಾಯಿ ಎಲ್ಲಮ್ಮನನ್ನು ಕರೆತಂದು ಸಂಡೂರಿನಲ್ಲಿ ಎರಡು ಕೋಣೆಯ ಮನೆ ಹಿಡಿದು, ದಿನಾ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಕೆಲಸಗಾರರು ಅವಳನ್ನು ಎಕ್ಸ್‌ರೇ ಅಕ್ಕ ಎನ್ನುತ್ತಿದ್ದರು.

ಅದು ಎರಡು ಸಾವಿರದ ಏಳನೇ ಇಸವಿ. ಎಷ್ಟು ಅದಿರು ಅಗೆದರೂ ಸಾಲದು ಎನ್ನುವ ಕಾಲ. ಬಂಡೆಗೆ ತೂತು ಹೊಡೆಯುವ ಡ್ರಿಲ್ಲರುಗಳಿಗೆ ಮೂರು ಪಾಳಿಯೂ ಬಿಡುವಿರಲಿಲ್ಲ. ಅವರೆಲ್ಲ ಗುತ್ತಿಗೆದಾರನ ಕೈಕೆಳಗಿನವರು. ಕೆಮ್ಮು ಹೆಚ್ಚಾದಾಗ ದವಾಖಾನೆಗೆ ಬರುತ್ತಿದ್ದರು. ಪಂಪಾವತಿ ಅವರ ಎದೆಯ ಫಿಲ್ಮು ತೆಗೆದು ಬೆಳಕಿಗೆ ಹಿಡಿದರೆ, ನವಣೆ ಚೆಲ್ಲಿದ ಹಾಗೆ ಎರಡೂ ಕಡೆ ಬಿಳಿ ಚುಕ್ಕೆಗಳು. ಮೊದಲು ಒಬ್ಬಿಬ್ಬರಲ್ಲಿ ಕಂಡದ್ದು, ವರ್ಷದೊಳಗೆ ಮೂವತ್ತು ದಾಟಿತು. ಗುರುವಾರಕ್ಕೊಮ್ಮೆ ಬರುವ ಡಾಕ್ಟರು ಫಿಲ್ಮನ್ನು ಒಂದು ಸಲ ನೋಡಿ, ಚೀಟಿಯಲ್ಲಿ ಶೀತ, ಕೆಮ್ಮು ಎಂದು ಬರೆದು, ಸಿರಪ್ಪು ಕೊಟ್ಟು ಕಳಿಸುತ್ತಿದ್ದರು. ದರೋಜಿ ಕಡೆಯ ಉಚ್ಚೆಂಗಪ್ಪನಿಗೆ ನಲವತ್ತನಾಲ್ಕು ವರ್ಷ. ಹನ್ನೊಂದು ವರ್ಷದಿಂದ ಡ್ರಿಲ್ ಹಿಡಿದವನು. ಬಸ್ಸಿನ ಮೂರು ಮೆಟ್ಟಿಲು ಹತ್ತಲು ಅವನು ನಡುವೆ ಒಮ್ಮೆ ನಿಲ್ಲುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು.

ಒಂದು ವಾರದ ತರಬೇತಿಗೆ ಬೆಂಗಳೂರಿಗೆ ಹೋಗಿದ್ದಾಗ ಅವಳಿಗೆ ಶ್ವಾಸಕೋಶದ ಡಾಕ್ಟರ್ ಸ್ಫೂರ್ತಿ ಎನ್ನುವವರ ಪರಿಚಯವಾಗಿತ್ತು. ಏನಾದರೂ ಅನುಮಾನ ಬಂದರೆ ಬರೆಯಿರಿ ಎಂದು ಅವರು ಇಮೇಲ್ ವಿಳಾಸ ಕೊಟ್ಟಿದ್ದರು. ಪಂಪಾವತಿ ಸಂಡೂರು ಬಸ್‌ ಸ್ಟ್ಯಾಂಡಿನ ಹಿಂದಿದ್ದ ನಾಗಭೂಷಣನ ಸೈಬರ್ ಸೆಂಟರಿಗೆ ಹೋಗಿ, ತಾನು ಕಂಡದ್ದನ್ನು ಬರೆದಳು. ಎರಡು ದಿನಕ್ಕೆ ಉತ್ತರ ಬಂತು. ಇದು ಧೂಳಿನ ಕಾಯಿಲೆಯೇ ಇರಬೇಕು, ಪಟ್ಟಿ ಮಾಡಿ ಕಳಿಸಿ, ಆದರೆ ಕಳಿಸುವ ಮುಂಚೆ ‘ಅನಾನಿಮೈಸ್’ ಮಾಡಿ ಎಂದಿತ್ತು. ಆ ಪದ ಅವಳಿಗೆ ಗೊತ್ತಿರಲಿಲ್ಲ. ನಾಗಭೂಷಣ ಡಿಕ್ಷನರಿ ತೆಗೆದು ನೋಡಿ, ಅನಾಮಧೇಯ ಮಾಡಿ, ಅಂದರೆ ಹೆಸರು ತೆಗೆದು ಕಳಿಸಿ ಎಂದರ್ಥ ಎಂದು ಹೇಳಿದ.

ಅನಾಮಧೇಯ ಎನ್ನುವ ಪದವನ್ನು ಪಂಪಾವತಿ ಒಂದೇ ಕಡೆ ಓದಿದ್ದಳು. ತಾಲ್ಲೂಕು ಕಚೇರಿಯ ಗೋಡೆಯ ಮೇಲೆ. ಅನಾಮಧೇಯ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಹೆಸರಿಲ್ಲದ ಕಾಗದ ಕಸದ ಬುಟ್ಟಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಹೆಸರೇ ಇಲ್ಲದಿದ್ದರೆ ಬೆಂಗಳೂರಿನವರು ಯಾರನ್ನು ಹುಡುಕಿ ಔಷಧ ಕೊಟ್ಟಾರು ಎಂದು ಅವಳು ಯೋಚಿಸಿದಳು. ಎರಡು ಭಾನುವಾರ ಕೂತು ಮೂವತ್ತೇಳು ಜನರ ಹೆಸರು, ಊರು, ವಯಸ್ಸು, ಎಷ್ಟು ವರ್ಷದ ಕೆಲಸ, ಎದೆಯಲ್ಲಿ ಏನು ಕಂಡಿತು ಎಲ್ಲವನ್ನೂ ಟೈಪು ಮಾಡಿ ಕಳಿಸಿದಳು. ಇಂಥವರನ್ನು ಇನ್ನು ಧೂಳಿನಲ್ಲಿ ದುಡಿಸಬಾರದು ಎಂದು ಕೊನೆಗೊಂದು ಸಾಲು ಸೇರಿಸಿದಳು. ಕಳಿಸಿದ ಮೇಲೆ ಒಂದು ತಪ್ಪು ಗೊತ್ತಾಯಿತು. ಒಂದೇ ದಿನ ತೆಗೆದ ಎರಡು ಫಿಲ್ಮು ಅದಲುಬದಲಾಗಿ, ಎದೆಯಲ್ಲಿ ಚುಕ್ಕೆಗಳಿದ್ದ ಜಂಬಪ್ಪನ ಹೆಸರು ಬರೆಯಬೇಕಾದಲ್ಲಿ ಕಂಪ್ಲಿಯ ಭರಮಣ್ಣನ ಹೆಸರು ಬರೆದಿದ್ದಳು. ಭರಮಣ್ಣನ ಎದೆ ಚೊಕ್ಕವಾಗಿತ್ತು. ಅದನ್ನು ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದಳು. ಅವರು ಹೆಸರು ಏಕೆ ಹಾಕಿದಿರಿ ಎಂದು ಕೇಳಿ, ಆಗಲಿ, ನಾನೇ ತೆಗೆದುಹಾಕುತ್ತೇನೆ ಎಂದರು.

ಡಾಕ್ಟರ್ ಸ್ಫೂರ್ತಿ ಯಾರ ಹೆಸರನ್ನೂ ಎತ್ತದೆ, ಆ ಗಣಿಯ ಡ್ರಿಲ್ಲರುಗಳನ್ನು ತಪಾಸಣೆ ಮಾಡಿಸಬೇಕೆಂದು ಗಣಿ ತಪಾಸಣೆಯ ಸರ್ಕಾರಿ ಅಧಿಕಾರಿಗಳಿಗೆ ಪತ್ರ ಬರೆದರು. ಅದರ ನಕಲು ವಾರದೊಳಗೆ ಕಂಪನಿಯ ಮೇಜಿನ ಮೇಲಿತ್ತು. ಅಲ್ಲಿ ಎಕ್ಸ್‌ರೇ ತೆಗೆಯುವವಳು ಪಂಪಾವತಿ ಒಬ್ಬಳೇ, ಸುದ್ದಿ ಹೋದದ್ದು ಯಾರಿಂದ ಎಂದು ಹುಡುಕಬೇಕಿರಲಿಲ್ಲ.

ಆ ತಿಂಗಳ ಒಂದು ಮಂಗಳವಾರ ಪಂಪಾವತಿ ಮನೆಗೆ ಬಂದಾಗ ಎಲ್ಲಮ್ಮ ಭಾರೀ ಖುಷಿಯಲ್ಲಿದ್ದಳು. ಕಂಪನಿಯ ಆಫೀಸರ್ ಈಶ್ವರ್ ಎನ್ನುವವರು ಮನೆತನಕ ಬಂದಿದ್ದರಂತೆ. ಸ್ಟಾಫಿನ ಮನೆಯವರಿಗೆ ಮೆಡಿಕಲ್ ಕಾರ್ಡ್ ಮಾಡಿಸುವುದಕ್ಕೆ ಫಾರಂ ತುಂಬಿಕೊಂಡರಂತೆ.

“ಭಾಳ ಸಜ್ಜನ ಮನಷ್ಯಾ. ನನ್ನ ಹುಟ್ಟಿದೂರು ಕೇಳಿದ್ರು. ಚೋರನೂರು ಅಂದೆ. ಅಲ್ಲಿ ಬಾವಿ, ನಮ್ಮ ಹೊಲ, ಎಲ್ಲಾ ಕೇಳಿದ್ರು ನೋಡು. ಬರಿಗೈಲಿ ಹೆಂಗ ಕಳಸೋದು ಅಂತ ಶೇಂಗಾ ಚಟ್ನಿಪುಡಿ ಕಟ್ಟಿ ಕೊಟ್ಟೆ.”

ತಾಯಿಗೆ ಕಾರ್ಡು ಸಿಗುತ್ತದಲ್ಲ ಎಂದು ಪಂಪಾವತಿಗೂ ಸಮಾಧಾನವಾಯಿತು.

ಆ ಭಾನುವಾರ ಸೈಬರ್ ಸೆಂಟರಿನಲ್ಲಿ ಅವಳ ಇಮೇಲ್ ತೆರೆಯಲಿಲ್ಲ. ಪಾಸ್‌ವರ್ಡ್ ತಪ್ಪು ಎಂದು ಮೂರು ಸಲ ಬಂತು. ನಾಗಭೂಷಣ ಬಂದು, ಪಾಸ್‌ವರ್ಡ್ ಮರೆತಿದ್ದೇನೆ ಎನ್ನುವುದನ್ನು ಒತ್ತಿಸಿದ. ಹುಟ್ಟಿದ ತಾರೀಖು ಕೇಳಿತು. ಆಮೇಲೆ ಒಂದು ಪ್ರಶ್ನೆ ಬಂತು: ನಿಮ್ಮ ತಾಯಿ ಹುಟ್ಟಿದ ಊರು ಯಾವುದು? ಖಾತೆ ತೆರೆಯುವಾಗ ಅವಳೇ ಆರಿಸಿದ್ದ ಪ್ರಶ್ನೆ. ಚೋರನೂರು ಎಂದು ಟೈಪು ಮಾಡಿದ ಕೂಡಲೇ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ ಎಂದಿತು. ಇಷ್ಟು ಸಲೀಸೇ ಎಂದು ಅವಳಿಗೆ ನಗು ಬಂತು. ಒಳಗೆ ಪತ್ರಗಳೆಲ್ಲ ಇದ್ದ ಹಾಗೇ ಇದ್ದವು.

ನಾಗಭೂಷಣ ನಗಲಿಲ್ಲ. “ನೀವು ಬದಲಿ ಮಾಡಿಲ್ಲ ಅಂದ್ರ ಬ್ಯಾರೆ ಯಾರೋ ಮಾಡ್ಯಾರ್ರಿ ಅಕ್ಕ,” ಎಂದ. ಆ ಪ್ರಶ್ನೆಗೆ ಸೆಕ್ಯುರಿಟಿ ಕ್ವೆಶ್ಚನ್ ಎನ್ನುತ್ತಾರೆ, ಅದು ಮನೆಯ ಎರಡನೇ ಬೀಗದ ಕೈ ಇದ್ದ ಹಾಗೆ, ಉತ್ತರ ಯಾರಿಗೂ ಗೊತ್ತಿರಬಾರದು ಎಂದು ವಿವರಿಸಿದ. ಯಾರಿಗೂ ಗೊತ್ತಿಲ್ಲದ್ದು ತನ್ನ ಬಗ್ಗೆ ಏನಿದೆ ಎಂದು ಪಂಪಾವತಿ ಯೋಚಿಸಿ ನೋಡಿದಳು. ತಾಯಿಯ ಊರು, ಓದಿದ ಶಾಲೆ, ಮೊದಲ ಮೇಷ್ಟ್ರು, ಎಲ್ಲ ಓಣಿಗೇ ಗೊತ್ತು. ತಾನೇ ಪಾಸ್‌ವರ್ಡ್ ಮರೆತಿರಬೇಕು, ತನ್ನ ಪತ್ರ ಯಾರಿಗೆ ಬೇಕು ಎಂದುಕೊಂಡು ಎದ್ದುಬಂದಳು.

ಹದಿನೈದು ದಿನಕ್ಕೆ ಗುತ್ತಿಗೆದಾರ ಎಲ್ಲರಿಗೂ ಹೊಸ ಗೇಟ್ ಪಾಸ್ ಕೊಟ್ಟ. ಮೂವತ್ತೇಳು ಜನರಿಗೆ ಕೊಡಲಿಲ್ಲ. ಕಾರಣ ಹೇಳಲಿಲ್ಲ, ಕಾಗದವನ್ನೂ ಕೊಡಲಿಲ್ಲ. ಅವರು ಸುತ್ತಲಿನ ಬೇರೆ ಗಣಿಗಳಿಗೆ ಹೋದರು. ಅಲ್ಲಿಯ ಗುತ್ತಿಗೆದಾರರು ಹೆಸರು ಕೇಳಿ, ಒಂದು ಹಾಳೆ ನೋಡಿ, ವಾಪಸ್ ಕಳಿಸಿದರು. ಆಗ ಭರಮಣ್ಣ ದವಾಖಾನೆಗೆ ಬಂದ. ಒಂದು ಗಣಿಯ ಗೇಟಿನಲ್ಲಿ ನೀನು ಎದೆರೋಗದವನು ಅಂದರಂತೆ, ತನಗೆ ಏನೂ ರೋಗವಿಲ್ಲ ಎಂದು ಒಂದು ಚೀಟಿ ಬರೆದುಕೊಡಬೇಕೆಂದು ಕೇಳಿದ. ಕಿಟಕಿಯಾಚೆ ಜಂಬಪ್ಪ ಸಿಳ್ಳೆ ಹೊಡೆದಂತೆ ಉಸಿರೆಳೆಯುತ್ತ ಪಾಳಿಗೆ ಹೋಗುತ್ತಿದ್ದ. ಅವನನ್ನು ತೆಗೆದಿರಲಿಲ್ಲ. ಭರಮಣ್ಣನನ್ನು ತೆಗೆದಿದ್ದರು. ಆ ತಪ್ಪು ಲೋಕದಲ್ಲಿ ಒಂದೇ ಕಡೆ ಇತ್ತು, ಅವಳು ಬೆಂಗಳೂರಿಗೆ ಕಳಿಸಿದ ಇಮೇಲಿನಲ್ಲಿ.

ಪಂಪಾವತಿಗೆ ಒಂದೊಂದಾಗಿ ಹೊಳೆಯಿತು. ಇಮೇಲ್ ವಿಳಾಸವನ್ನು ಅವಳೇ ಸ್ಟಾಫ್ ಫಾರಮ್ಮಿನಲ್ಲಿ ಬರೆದುಕೊಟ್ಟಿದ್ದಳು. ಹುಟ್ಟಿದ ತಾರೀಖು ಅವಳ ಫೈಲಿನಲ್ಲಿತ್ತು. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಯಾರು ಒತ್ತಿದರೂ ಪ್ರಶ್ನೆ ಕಾಣುತ್ತದೆ. ಉತ್ತರವನ್ನು ಅವ್ವ ಚಟ್ನಿಪುಡಿಯ ಜೊತೆ ಕಟ್ಟಿಕೊಟ್ಟಿದ್ದಳು.

ಅವಳು ನೇರ ಈಶ್ವರರ ಕೋಣೆಗೆ ಹೋದಳು. ಅವರು ಕುಂದ್ರಿ ಎಂದರು. ಅವಳು ನಿಂತೇ, ನನ್ನ ಪತ್ರ ತೆಗೆದು ಓದಿದ್ದೀರಿ ಎಂದಳು. ಅವರು ಓದಿದೆ ಎನ್ನಲಿಲ್ಲ, ಓದಿಲ್ಲ ಎಂದೂ ಅನ್ನಲಿಲ್ಲ.

“ಇಂಥೋರನ್ನ ಧೂಳಿನಾಗ ದುಡಿಸಬಾರ್ದು ಅಂತ ತಿಳಿದೋರ ಹೇಳ್ತಾರ. ನಾವು ಅಷ್ಟ ಮಾಡೇವಿ,” ಎಂದರು. ಆಮೇಲೆ ಮೆಲ್ಲಗೆ, “ನೀವು ನಮ್ಮ ಸ್ಟಾಫು. ನಿಮಗೇನೂ ಆಗಂಗಿಲ್ಲ. ಹೋಗ್ರಿ, ಕೆಲಸ ನೋಡ್ಕೊರ್ರಿ,” ಎಂದರು.

ಅವಳು ತಿರುಗಿ ಬರುವಷ್ಟರಲ್ಲಿ ಫಿಲ್ಮು ಇಡುವ ಕಪಾಟು ಖಾಲಿಯಾಗಿತ್ತು. ಹಳೇ ಫಿಲ್ಮುಗಳನ್ನೆಲ್ಲ ಅವುಗಳೊಳಗಿನ ಬೆಳ್ಳಿ ತೆಗೆಯುವ ಗುಜರಿಯವರಿಗೆ ಹಾಕಿದ್ದಾರೆ ಎಂದು ದವಾಖಾನೆಯ ಆಯಾ ಹೇಳಿದಳು.

ಬೆಂಗಳೂರಿಗೆ ಫೋನು ಮಾಡಿ ಡಾಕ್ಟರ್ ಸ್ಫೂರ್ತಿಯವರಿಗೆ ಎಲ್ಲ ತಿಳಿಸಿದಳು. ಫಿಲ್ಮಿಲ್ಲದೆ, ಜನರೂ ಕೆಲಸದಲ್ಲಿಲ್ಲದೆ ತಪಾಸಣೆಯವರಿಗೆ ಏನೂ ಸಿಗುವುದಿಲ್ಲ ಎಂದರು. ಹಾಗೇ ಆಯಿತು. ಬಂದವರು ಇದ್ದ ಡ್ರಿಲ್ಲರುಗಳಲ್ಲಿ ಹತ್ತು ಜನರ ಎದೆ ನೋಡಿ, ಸರಿಯಿದೆ ಎಂದು ಬರೆದು ಹೋದರು. ಆ ಹತ್ತು ಜನರಲ್ಲಿ ಜಂಬಪ್ಪ ಇರಲಿಲ್ಲ. ಅವನ ಉಸಿರಿನ ಸಿಳ್ಳೆ ಬಂದವರಿಗೆ ಕೇಳಿಸಬಾರದೆಂದು ಆ ದಿನ ಅವನಿಗೆ ರಜೆ ಕೊಟ್ಟಿದ್ದರು.

ಎಲ್ಲಮ್ಮನಿಗೆ ಪಂಪಾವತಿ ಏನನ್ನೂ ಹೇಳಲಿಲ್ಲ. ಕಾರ್ಡು ಇನ್ನೂ ಯಾಕೆ ಬರಲಿಲ್ಲ ಎಂದು ಅವ್ವ ಕೇಳಿದಾಗಲೆಲ್ಲ, ಬರುತ್ತದೆ ಎನ್ನುತ್ತಿದ್ದಳು.

ರಜೆ ಹಾಕಿ ಒಂದು ಮಧ್ಯಾಹ್ನ ಅವಳು ಉಚ್ಚೆಂಗಪ್ಪನ ಊರಿಗೆ ಹೋದಳು. ಅವನು ಕಟ್ಟೆಯ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದ. ಹೆಂಡತಿ ಶಾಂತಕ್ಕ ನೀರು ಕೊಟ್ಟು ಒಳಗೆ ಹೋದಳು. ಪಂಪಾವತಿ ನಡೆದದ್ದನ್ನು ಮೊದಲಿಂದ ಕೊನೆತನಕ ಹೇಳಿದಳು. ಪಟ್ಟಿ ಮಾಡಿದ್ದು ತಾನು, ಹೆಸರು ತೆಗೆಯದೆ ಕಳಿಸಿದ್ದು ತಾನು, ಅದು ಸೋರಿದ್ದು ತನ್ನ ಕಡೆಯಿಂದಲೇ ಎಂದಳು. ಅವನು ಬೈಯುತ್ತಾನೆಂದು ಕಾದಳು. ಅವನು ಉಸಿರು ಸರಿಮಾಡಿಕೊಂಡು ಬೇರೆಯೇ ಮಾತು ಕೇಳಿದ.

“ನನ್ನ ಎದಿಯಾಗ ಇದು ಐತಿ ಅಂತ ನಿನಗ ಯಾವಾಗ ಗೊತ್ತಾತಬೇ?”

ಎಂಟು ತಿಂಗಳಾಯಿತು ಎಂದಳು.

“ಬೆಂಗಳೂರಿನೋರಿಗೆ ಹೇಳಿದಿ. ಕಂಪನಿಯೋರಿಗೆ ಗೊತ್ತಾತು. ಗೇಟಿನಾಗ ಕುಂತೋರಿಗೂ ಗೊತ್ತಾತು.” ಅವನು ಕೆಮ್ಮಿ, ಬಾಯೊರೆಸಿಕೊಂಡು, ಸಾವಕಾಶವಾಗಿ ಹೇಳಿದ. “ನನಗ ಹೇಳ್ಲಿಲ್ಲ.”

ಮೂವತ್ತೇಳು ಜನರಲ್ಲಿ ಒಬ್ಬರಿಗೂ ಪಂಪಾವತಿ ಹೇಳಿರಲಿಲ್ಲ. ಡಾಕ್ಟರು ಹೇಳಬೇಕಾದದ್ದು ಅದು ಎಂದುಕೊಂಡಿದ್ದಳು. ಕೇಳಿ ಹೆದರುತ್ತಾರೆ ಎಂದೂ ಅಂದುಕೊಂಡಿದ್ದಳು. ಹೆಸರು ಕಳಿಸಲೇ ಎಂದು ಅವರನ್ನು ಒಂದು ಮಾತು ಕೇಳಬಹುದಿತ್ತು ಎನ್ನುವುದು ಆ ಕಟ್ಟೆಯ ಮೇಲೆ ಕೂತಾಗಲೇ ಅವಳಿಗೆ ಮೊದಲ ಬಾರಿ ಹೊಳೆದದ್ದು.

ಇದಕ್ಕೆ ಔಷಧ ಇದೆಯೇ ಎಂದು ಅವನು ಕೇಳಿದ. ಈ ಸಲ ಅವಳು ಮುಚ್ಚಿಡಲಿಲ್ಲ, ಇಲ್ಲ ಎಂದಳು. ಅವನು ತಲೆಯಾಡಿಸಿ, ಒಳಗಿನ ಬಾಗಿಲ ಕಡೆ ನೋಡಿ, ಆಕೆಗೆ ಮಾತ್ರ ಹೇಳಬ್ಯಾಡ ಎಂದ.

ಬಸ್ಸಿನ ದಾರಿಯವರೆಗೆ ಶಾಂತಕ್ಕ ಜೊತೆಗೆ ಬಂದಳು. ಏನಾಗಿದೆ ಎಂದು ಅವಳು ಕೇಳಲಿಲ್ಲ. ಮಳೆಗಾಲ ಮುಗಿದರೆ ಎದೆ ಸ್ವಲ್ಪ ಹಗುರಾಗುತ್ತದೆ ಎಂದು ತಾನೇ ಹೇಳಿಕೊಂಡಳು. ದೂರದಲ್ಲಿ ಬಸ್ಸು ಕಂಡಾಗ ನಿಂತು, “ಆರಾಮಾದ ಮ್ಯಾಲೆ ಕಂಪನಿಯೋರು ಮತ್ತ ಕರೀತಾರೇನವ್ವ?” ಎಂದಳು.

“ಕರಿಯಂಗಿಲ್ಲಕ್ಕ,” ಎಂದಳು ಪಂಪಾವತಿ.

ಶಾಂತಕ್ಕ ಸರಿ ಎಂದು, ರಸ್ತೆಗೆ ಇಳಿದು, ಬಸ್ಸು ನಿಲ್ಲಿಸಲು ಕೈ ಎತ್ತಿದಳು.